ಆರೂ ಐದೂ ಹನ್ನೊಂದು

ನನ್ನ ಗಂಡ ಬಿಟ್ಟುಹೋದದ್ದು ಎಚ್‌ಐವಿ ಒಂದನ್ನೇ. ಮಾತ್ರೆ ನುಂಗಿ ನುಂಗಿ ಇಷ್ಟು ವರ್ಷ ಅದನ್ನು ಹದ್ದುಬಸ್ತಿನಲ್ಲಿಟ್ಟಿದ್ದೆ. ಈಚೆಗೆ ಹಳೆಯ ಮಾತ್ರೆಗಳು ಒಂದೊಂದಾಗಿ ಕೈಕೊಟ್ಟವು. ಇನ್ನೊಂದು ಮಾತ್ರೆ ಸೇರಿಸಬಹುದು, ಆದರೆ ಅದು ಎಲ್ಲರಿಗೂ ಆಗುವುದಿಲ್ಲ, ರಕ್ತ ಪರೀಕ್ಷೆ ಮಾಡಿಸಿ ನೋಡಬೇಕು ಎಂದರು ಶಿವಾಜಿನಗರದ ಡಾಕ್ಟರಮ್ಮ.

ಯಾಕೆ ಎಂದು ಕೇಳಿದೆ. ಓದಿಲ್ಲವೆಂದು ಸುಮ್ಮನೆ ತಲೆಯಾಡಿಸುವವಳಲ್ಲ ನಾನು. ಆಕೆ ಬಿಡಿಸಿ ಹೇಳಿದರು. ರಕ್ತದಲ್ಲಿ ಕಾವಲು ಕಾಯುವ ಕಣಗಳಿವೆ, ವೈರಸ್ಸು ಅವುಗಳೊಳಗೇ ನುಗ್ಗುತ್ತದೆ. ಆದರೆ ಎಲ್ಲ ವೈರಸ್ಸೂ ಒಂದೇ ತಳಿಯಲ್ಲ. ಒಂದು ತಳಿಗೆ ಮುಂಬಾಗಿಲು ಬೇಕು. ಆ ಬಾಗಿಲು ಹೆಚ್ಚಾಗಿರುವುದು ಪಳಗಿದ ಕಾವಲುಗಾರರಿಗೆ, ಮತ್ತೆ ಕಸ ನುಂಗಿ ಚೊಕ್ಕಟ ಮಾಡುವ ದೊಡ್ಡ ಕಣಗಳಿಗೆ. ಇನ್ನೊಂದು ತಳಿ ಹಿತ್ತಿಲ ಬಾಗಿಲಿನದು, ಅದು ಇನ್ನೂ ಕೆಲಸ ಕಲಿಯದ ಹೊಸಬರನ್ನೂ ಬಿಡುವುದಿಲ್ಲ. ಈ ಮಾತ್ರೆ ಬೀಗ ಹಾಕುವುದು ಮುಂಬಾಗಿಲಿಗೆ ಮಾತ್ರ. ಕಾಯಿಲೆ ಹಳೆಯದಾದವರಲ್ಲಿ ಹಿತ್ತಿಲಿನದೂ ಸೇರಿಕೊಂಡಿರುವುದುಂಟು. ನನ್ನದು ಹಳೆಯದು.

ನನ್ನ ಗಂಡನೂ ಕುಡಿದ ದಿನ ಹಿತ್ತಿಲಿಂದಲೇ ಬರುತ್ತಿದ್ದ ಎಂದೆ. ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ನಕ್ಕರು.

ರಕ್ತ ಕೊಟ್ಟು ಬಂದೆ. ಫಲಿತಾಂಶ ಹೇಳಲು ಅವರು ಫೋನು ಮಾಡಿದಾಗ ಮರ್ಫಿ ಟೌನಿನ ಮನೆಯಲ್ಲಿ ನಾನು ಹುಳಿ ಕುದಿಸುತ್ತಿದ್ದೆ. ನಮ್ಮಲ್ಲಿ ಮುಚ್ಚುಮರೆಯಿಲ್ಲ, ಮೊಮ್ಮಗಳೇ ಎತ್ತಿದಳು.

"ಅಜ್ಜಿ, ಆರ್ ಫೈವ್ ಅಂತೆ."

"ಆರೋ, ಫೈವೋ? ಸರಿಯಾಗಿ ಕೇಳೇ."

"ಎರಡೂ ಅಜ್ಜಿ. ಆರ್, ಫೈವ್."

ಆರೂ ಐದೂ ಹನ್ನೊಂದು. ಸೌಟು ಕೈಜಾರಿತು. ಎರಡೇ ಬಾಗಿಲು ಎಂದಿದ್ದರಲ್ಲ, ಈ ಹಾಳು ವೈರಸ್ಸು ಹನ್ನೊಂದು ತೆಗೆದು ಕೂತಿದೆಯೇ? ಅಷ್ಟು ಬೀಗ ಯಾರ ಹತ್ತಿರವಿದೆ? ಸತ್ತ ಗಂಡನನ್ನು ತಮಿಳಿನಲ್ಲಿ ಬೈದೆ. ಹಲಸೂರಿನ ಕಡೆಯವರಿಗೆ ಬೈಯಲು ಅದೇ ಸಲೀಸು.

ಮೊಮ್ಮಗಳು ಡಾಕ್ಟರಮ್ಮನನ್ನು ಏನೋ ಕೇಳಿದಳು, ಕೇಳಿದವಳೇ ಗೋಡೆಗೊರಗಿ ಕುಸಿದು ನಗತೊಡಗಿದಳು.

"ಲೆಕ್ಕ ಅಲ್ಲ ಅಜ್ಜಿ, ಆರ್ ಅನ್ನೋದು ಇಂಗ್ಲಿಷ್ ಅಕ್ಷರ. ಆರ್ ಫೈವ್ ಅಂದ್ರೆ ಮುಂಬಾಗಿಲಿನ ಹೆಸರು. ನಿಂದು ಬರೀ ಮುಂಬಾಗಿಲಿಂದು. ಮಾತ್ರೆ ಆಗತ್ತೆ."

ಫೋನು ಕಿತ್ತುಕೊಂಡು ಡಾಕ್ಟರಮ್ಮನ ಬಾಯಿಂದಲೇ ಮತ್ತೆ ಹೇಳಿಸಿದೆ. ನನ್ನ ಬೈಗುಳ ಪೂರ್ತಿ ಕೇಳಿಸಿಕೊಂಡಿದ್ದ ಅವರು ನಗುತ್ತಲೇ ಹೇಳಿದರು. ಅಷ್ಟರಲ್ಲಿ ಹುಳಿ ತಳ ಹಿಡಿದಿತ್ತು. ಪುಲಿಕೇಶಿನಗರಕ್ಕೆ ಹೋಗಿ ಬಿರಿಯಾನಿ ತಿನ್ನೋಣ ಎಂದು ಸೀರೆ ಬದಲಿಸಿ ಹೊರಟೆ.

ಅಲ್ಲಿಯವರೆಗೆ ನಗುತ್ತಿದ್ದ ಹುಡುಗಿ ಆಟೋದಲ್ಲಿ ಅಳಲು ಶುರುಮಾಡಿದಳು.

"ಅಳೋದಾದ್ರೆ ಇಳಿದು ಅಳು. ನನಗೆ ಹಸಿವು" ಎಂದೆ.

ಅವಳು ಇಳಿಯಲಿಲ್ಲ. ನನ್ನ ಸೆರಗಿನಲ್ಲೇ ಮೂಗೊರೆಸಿಕೊಂಡು, ನೀನಿನ್ನು ಸಾಯಲ್ಲ ಬಿಡು, ನಮ್ಮ ಕರ್ಮ ಎಂದಳು.