ಕಾರ್ಡು ಬಿಡದ ಲಿಫ್ಟಣ್ಣ

ದೊಡ್ಡ ಕಚೇರಿಯ ಲಿಫ್ಟ್ ನಡೆಸುತ್ತಿದ್ದ ಲಿಫ್ಟಣ್ಣನಿಗೆ, ನಿವೃತ್ತನಾಗಿ ಮೂರು ವರ್ಷವಾದರೂ, ಹನ್ನೊಂದು ತಿಂಗಳ ಓವರ್‌ಟೈಮ್ ದುಡ್ಡು ಬಂದಿಲ್ಲ. ಅದು ಬಂದ ದಿನವೇ ಖಾಸಗಿ ವಿಮೆ, ಅಲ್ಲಿಯವರೆಗೆ ಸರ್ಕಾರಿ ಆರೋಗ್ಯ ಕಾರ್ಡೇ ಸಾಕು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾನೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ನಿನ ಸರದಿ ಎಂಟು ತಿಂಗಳಾಚೆ. ಆದರೂ ಸೋಮವಾರ ಬೆಳಗಾದರೆ ಇಸ್ತ್ರಿ ಷರ್ಟು ತೊಟ್ಟು ಅಲ್ಲಿನ ಕ್ಯೂನಲ್ಲಿ ನಿಂತು, "ನುಗ್ಗಬೇಡ್ರಪ್ಪಾ, ಭಾರ ಜಾಸ್ತಿ ಆಗುತ್ತೆ" ಎಂದು ಹಳೆಯ ಚಾಳಿಯಲ್ಲಿ ಗದರುತ್ತಾನೆ. ಮೂರು ಗಂಟೆ ಕಾಯುವಷ್ಟರಲ್ಲಿ ಹತ್ತು ಜನರ ಸಕ್ಕರೆ ಕಾಯಿಲೆ, ಮೂವರು ಸೊಸೆಯಂದಿರ ಗುಣಾವಗುಣ ಅವನಿಗೆ ಬಾಯಿಪಾಠ. ವಿಮೆ ಮಾಡಿಸುವ ಹುಡುಗಿ, "ನಮ್ಮಲ್ಲಿ ಹತ್ತೇ ನಿಮಿಷ ಅಜ್ಜಾ. ಕಂತು ಪಿಂಚಣಿಯಲ್ಲೇ ಮುರ್ಕೋತೀವಿ, ಬಾಕಿ ದುಡ್ಡಿಗೆ ಕಾಯೋದ್ಯಾಕೆ?" ಎಂದರೆ, "ಹತ್ತು ನಿಮಿಷಕ್ಕೆ ಮುಗಿದ್ರೆ ಮಿಕ್ಕ ದಿನವೆಲ್ಲ ನಿನ್ ತಲೆ ತಿನ್ಲಾ?" ಎಂದು ನಗಿಸಿ ಕಳಿಸುತ್ತಾನೆ. ಅವಳು ಬಿಟ್ಟುಹೋದ ಫಾರ್ಮನ್ನು ಮಾತ್ರ ಭೂತಗನ್ನಡಿ ಹಿಡಿದು, ದಪ್ಪ ಅಕ್ಷರದಲ್ಲಿ ತುಂಬಿಟ್ಟಿದ್ದಾನೆ. ಒಂದೇ ಸಾಲು ಖಾಲಿ. ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆದ ಸಂಜೆಯೇ ಮನೆಗೆ ಕಳಿಸುತ್ತಾರಂತೆ, ಕರೆದೊಯ್ಯುವವರ ಹೆಸರು ಬೇಕಂತೆ. ಯಾರ್ಯಾರದೋ ಹೆಸರು ಬರೆದು ಅಳಿಸಿ, ಬರೆದು ಅಳಿಸಿ ಅಲ್ಲಿ ಕಾಗದ ತೂತಾಗಿದೆ. ಸರ್ಕಾರಿ ವಾರ್ಡಿನಲ್ಲಾದರೆ ನಾಲ್ಕು ದಿನ ಅಲ್ಲೇ ಇಟ್ಟುಕೊಳ್ಳುತ್ತಾರೆ, ಯಾರ ಹೆಸರನ್ನೂ ಕೇಳುವುದಿಲ್ಲ. ಆದರೆ ಆ ಸರದಿ ಬರುವಷ್ಟರಲ್ಲಿ ಅವನಿಗೆ ಬಾಗಿಲು ಯಾವುದು, ಗೋಡೆ ಯಾವುದು ಎಂದೂ ಕಾಣುವುದಿಲ್ಲ. ಫಾರ್ಮ್ ಕೊಡಲು ಶುಕ್ರವಾರ ಕೊನೆ. ಆ ಕಚೇರಿಯಲ್ಲಿ ಮೂವತ್ತು ವರ್ಷ ನಿಮ್ಮನ್ನು ಹತ್ತಿಸಿ ಇಳಿಸಿದವನು ಅವನು. "ಪಾಪ" ಎಂದು ಲೊಚಗುಟ್ಟಬೇಡಿ. ಪೆನ್ನು ತೆಗೆದು ಆ ತೂತಿನ ಪಕ್ಕ ನಿಮ್ಮ ಹೆಸರು ಬರೆಯಿರಿ.