ಬಸ್ಸು ನಿಲ್ಲದ ಜಾಗದಲ್ಲಿ ಹಾಸಿದ ಕಂಬಳಿ ಗದ್ದಿಗೆ

ಮೈಲಾರಲಿಂಗನ ಒಕ್ಕಲಿನವರೇ, ಸರಕಾರ ನಮ್ಮೂರಿನ ಮಕ್ಕಳಿಗೆ ಶಾಲೆಗೆ ಹೋಗಲು ಬಸ್ಸು ಕೊಟ್ಟಿತ್ತು, ಪಾಸೂ ಕೊಟ್ಟಿತ್ತು. ಬಸ್ಸಿಗೆ ಬ್ರೇಕ್ ಇರುತ್ತದೆ ಎಂದು ಡ್ರೈವರನಿಗೆ ಹೇಳುವುದೊಂದನ್ನು ಮರೆತಿತ್ತು. ನನ್ನ ಕಷ್ಟ ಇಷ್ಟೇ. ಇದೇನು ಕಷ್ಟ ಎನ್ನುವವರು ಒಂದು ದಿನ ನಮ್ಮೂರ ಕ್ರಾಸಿನಲ್ಲಿ ಪಾಟೀಚೀಲ ಹೊತ್ತು ನಿಂತು ನೋಡಲಿ.

ನಮ್ಮದು ರಾಣೆಬೆನ್ನೂರು ತಾಲ್ಲೂಕಿನ ಸಣ್ಣ ಊರು. ನನ್ನ ಮೊಮ್ಮಗಳು ರೇಣುಕಾ ಆಗ ಒಂಬತ್ತನೆಯ ತರಗತಿ. ತಾಯಿಯಿಲ್ಲದ ಹುಡುಗಿ, ನಾನೇ ಸಾಕಿದ್ದು. ಹೈಸ್ಕೂಲಿಗೆ ರಾಣೆಬೆನ್ನೂರಿಗೇ ಹೋಗಬೇಕು. ಬ್ಯಾಡಗಿ ಕಡೆಯಿಂದ ಬೆಳಿಗ್ಗೆ ಬರುವ ಬಸ್ಸು ನಮ್ಮ ಕ್ರಾಸಿನಲ್ಲಿ ಮಕ್ಕಳನ್ನು ಕಂಡರೆ ಇನ್ನೂ ಜೋರಾಗಿ ಓಡುತ್ತಿತ್ತು. ಪಾಸಿನ ಮಕ್ಕಳು, ಪುಗಸಟ್ಟೆ ಹತ್ತುವವರು ಎಂದು ಕಂಡಕ್ಟರನಿಗೆ ತಾತ್ಸಾರ. ತನ್ನ ಅಪ್ಪನ ಮನೆಯ ಬಸ್ಸು ಎಂದುಕೊಂಡಿದ್ದನೋ ಏನೋ.

ಹೇಳದೆ ಕೂತವಳಲ್ಲ ನಾನು. ಡಿಪೊದ ಸಾಹೇಬರ ಹತ್ತಿರ ಹೋದೆ. ಚಹಾ ಕುಡಿಯುತ್ತಲೇ ಕೇಳಿಸಿಕೊಂಡರು.

"ಬಸ್ ಫುಲ್ ಇರತೈತಿ ಅಮ್ಮಾ."

"ನಾ ದಿನಾ ನೋಡಾಕತ್ತೇನಿ ಸಾಹೇಬ್ರ. ಹಿಂದಿನ ಸೀಟ್ ಖಾಲಿನ ಇರತಾವ."

"ಆತು, ನೋಡೂಣು."

ಅವರು ನೋಡಿದ್ದು ಗಡಿಯಾರವನ್ನು. ಹಾವೇರಿಗೂ ಹೋಗಿ ದೊಡ್ಡ ಕಚೇರಿಯಲ್ಲಿ ಅರ್ಜಿ ಕೊಟ್ಟು ಬಂದೆ. ನಮ್ಮ ಭಾಗದ ಮುಖಂಡ ಊರಿಗೆ ಬಂದಾಗಲೂ ಹೇಳಿದೆ. ಅವನು ಮಕ್ಕಳ ನಡುವೆ ನಿಂತು ಫೋಟೊ ತೆಗೆಸಿಕೊಂಡು, ಕಾರು ಹತ್ತಿ ಹೋದ. ಅವನ ಕಾರಿನಲ್ಲೂ ಹಿಂದಿನ ಸೀಟು ಖಾಲಿಯೇ ಇತ್ತು.

ಒಂದು ದಿನ ಪರೀಕ್ಷೆ ತಪ್ಪುತ್ತದೆಂದು ಹುಡುಗಿ ಯಾರದೋ ಗುರುತಿಲ್ಲದವನ ಬೈಕ್ ಹತ್ತಿ ಹೋದಳು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ನನ್ನ ಮಗ ನಾಗಪ್ಪ, ಅವಳ ಅಪ್ಪ, ಅಂಗಳದಲ್ಲೇ ಶುರು ಮಾಡಿದ.

"ಸಾಕು ಇನ್ನ. ಸೋಮವಾರದಿಂದ ಕ್ರಾಸಿಂಗಿಗೆ ಹೋಗ್ಲಿ. ಮೇಸ್ತ್ರಿಗೆ ಹೇಳೇನಿ."

ನಮ್ಮ ಕಡೆ ಬೀಜದ ಕಂಪನಿಗಳಿಗಾಗಿ ಹೂವಿಗೆ ಹೂವು ಮುಟ್ಟಿಸಿ ಬೀಜ ಕಟ್ಟಿಸುವ ಕೆಲಸಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಹೆಣ್ಣುಮಕ್ಕಳ ಸಣ್ಣ ಬೆರಳು ಅದಕ್ಕೆ ಒಳ್ಳೆಯದಂತೆ. ಅವರನ್ನು ಒಯ್ಯಲು ಮೇಸ್ತ್ರಿಯ ಟೆಂಪೊ ಮಳೆ ಬರಲಿ, ಹಬ್ಬ ಇರಲಿ, ತಪ್ಪದೆ ಬರುತ್ತದೆ. ಹಾರ್ನ್ ಹಾಕಿ ಕಾಯುತ್ತದೆ. ಶಾಲೆಗೆ ಒಯ್ಯಬೇಕಾದ ಗಾಡಿಗೆ ಮಾತ್ರ ನಮ್ಮೂರು ಕಾಣುವುದಿಲ್ಲ.

"ಬೈಕ್ ಹತ್ತಿದ್ದು ಆಕಿ ತಪ್ಪಲ್ಲೋ, ಬಸ್ಸಿಂದು" ಅಂದೆ.

"ಬಸ್ಸಿಗೆ ಬೈಯಾಕ ಬರತೈತೇನಬೇ? ಮಂದಿ ಆಡ್ಕೊಳ್ಳೂದು ನನ್ನ ಮಗಳ್ನ."

"ಮಂದಿಗೆ ಹೆದರಿ ಮಗಳ್ನ ಹೊಲಕ್ಕ ದಬ್ಬಾವ ನೀ ಎಂಥಾ ಗಂಡ್ಸೋ?"

ಅವನು ಬಗ್ಗಲಿಲ್ಲ. ರೇಣುಕಾ ಅಳಲಿಲ್ಲ. ಪುಸ್ತಕಗಳನ್ನು ಹಳೆಯ ಸೀರೆಯಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಳು. ಅತ್ತಿದ್ದರೆ ನಾನು ಬೈದು ಸುಮ್ಮನಾಗುತ್ತಿದ್ದೆ. ಆ ಗಂಟು ನೋಡಿದ ಮೇಲೆ ಸುಮ್ಮನಾಗಲು ಆಗಲಿಲ್ಲ.

ಭಾನುವಾರ ಮೈಲಾರಲಿಂಗನ ದೇವರಗುಡ್ಡಕ್ಕೆ ನಡೆದೆ. ನನ್ನ ಮುಂದೆ ನಿಂತವನೊಬ್ಬ ಹೊಸ ಕಾರಿಗೆ ಬಳಿಯಲು ಭಂಡಾರದ ಅರಿಸಿನ ಬೇಡುತ್ತಿದ್ದ, ಇನ್ನೊಬ್ಬಳು ಸೊಸೆಯ ಬಾಯಿ ಕಟ್ಟಿಸು ಎನ್ನುತ್ತಿದ್ದಳು. ಇಂಥವನ್ನೆಲ್ಲ ಕೇಳಿಸಿಕೊಂಡು ಅವನು ಹೇಗೆ ಕೂತಿದ್ದಾನೋ! ನನ್ನ ಸರದಿ ಬಂದಾಗ, ಬಸ್ಸು ನಿಲ್ಲಲಿ ಎಂದಷ್ಟೇ ಅಂದೆ. ಹೊರಗೆ ಬಂದು ನಮ್ಮ ಮನೆತನಕ್ಕೆ ಭಿಕ್ಷೆಗೆ ಬರುವ, ಮೈಲಾರನ ದೀಕ್ಷೆ ಹೊತ್ತ ಗೊರವಪ್ಪನನ್ನು ಹಿಡಿದೆ.

"ನಾಳೆ ನಮ್ಮೂರ ಕ್ರಾಸಿಗೆ ಬಾ. ಗದ್ದಿಗಿ ಹಾಸೂದೈತಿ."

ಕಂಬಳಿ ಗದ್ದಿಗೆ ನಿಮಗೆ ಗೊತ್ತಿದ್ದದ್ದೇ. ಹರಕೆ ಈಡೇರಿದ ಮೇಲೆ ಕರಿಕಂಬಳಿ ಹಾಸಿ, ಭಂಡಾರ ಚೆಲ್ಲಿ, ಕಾಯಿ ಒಡೆದು, ದೇವರು ಬಂದು ಕೂತ ಎಂದು ಪೂಜೆ ಮಾಡುವುದು. ಹಾಸಿದ ಗದ್ದಿಗೆ ಕಂಡ ಒಕ್ಕಲಿನವರು ಭಂಡಾರ ಹಚ್ಚಿಕೊಳ್ಳದೆ ಮುಂದೆ ಹೋಗುವುದಿಲ್ಲ.

"ಏನ್ ಹರಕಿ ಮುಟ್ಟಿತಬೇ?"

"ಇನ್ನೂ ಮುಟ್ಟಿಲ್ಲ."

"ತಲಿ ಗಿಲಿ ಕೆಟ್ಟೈತೇನ? ಬಿತ್ತೂಕಿಂತ ಮದಲ ಸುಗ್ಗಿ ಮಾಡಿದಂಗಾತು ಇದು."

"ಮಾಡೂಣು. ಬೆಳಿ ಬರದಿದ್ರ ನಾಚಿಕಿ ಅವಂಗ, ನನಗಲ್ಲ."

ಬೈದುಕೊಳ್ಳುತ್ತಲೇ ಒಪ್ಪಿದ.

ಸೋಮವಾರ ಬೆಳಿಗ್ಗೆ ಕ್ರಾಸಿನ ಬೇವಿನ ಗಿಡದ ಬುಡದಲ್ಲಿ ಗದ್ದಿಗೆ ಹಾಸಿದೆವು. ಮುದುಕಿ ಉಪಾಯ ಮಾಡಿ ಬಸ್ಸಿಗೆ ಅಡ್ಡ ಹಾಕಿದಳು ಎಂದು ಈಗ ಕೆಲವರು ಹೇಳುತ್ತಾರೆ. ಸುಳ್ಳು. ಕಂಬಳಿ ಇದ್ದದ್ದು ರಸ್ತೆಯ ಪಕ್ಕಕ್ಕೆ, ದೂರಕ್ಕೆ. ಬಸ್ಸು ನಿಂತೀತು ಎಂಬ ಆಸೆ ನನಗೆ ಸತ್ತೇ ಹೋಗಿತ್ತು. ದೇವರನ್ನು ಅಲ್ಲಿ ಕೂರಿಸಿ, ನಮ್ಮ ಮಕ್ಕಳ ಪಾಡನ್ನು ನೀನೇ ಕಣ್ಣಾರೆ ನೋಡು ಎನ್ನುವ ಸಿಟ್ಟು ಅಷ್ಟೇ.

ಟೆಂಪೊ ಬಂದು ನಿಂತಿತ್ತು. ಫ್ರಾಕಿನ ಮೇಲೆ ಅಪ್ಪನ ಹಳೆಯ ಅಂಗಿ ಹಾಕಿಕೊಂಡು, ಬುತ್ತಿ ಹಿಡಿದು ರೇಣುಕಾ ಅದರ ಹತ್ತಿರ ನಿಂತಿದ್ದಳು. "ಹತ್ತು, ಲಗೂ ಹತ್ತು" ಎಂದು ನಾಗಪ್ಪ ಅವಸರ ಮಾಡುತ್ತಿದ್ದ. ಬಾಕಿ ಮಕ್ಕಳು ಎಂದಿನಂತೆ ಪಾಸು ಹಿಡಿದು ಕೈ ಮಾಡುತ್ತಿದ್ದವು. ಬಸ್ಸು ಎಂದಿನಂತೆ ದಾಟಿತು.

ದಾಟಿದ್ದು, ಕಿರ್ರ್ ಎಂದು ನಿಂತಿತು. ಹಿಂದಕ್ಕೆ ಬಂತು. ಡ್ರೈವರ್ ಇಳಿದು, ಚಪ್ಪಲಿ ಬಿಟ್ಟು, ಓಡಿಬಂದು ಗದ್ದಿಗೆಗೆ ಅಡ್ಡಬಿದ್ದ. ತಿಂಗಳುಗಟ್ಟಲೆ ಅದೇ ಗಿಡದ ಕೆಳಗೆ ನಿಂತ ಮಕ್ಕಳು ಕಾಣದ ಕಣ್ಣಿಗೆ ಕಂಬಳಿ ಕಂಡಿತು.

"ತಪ್ಪಾತ್ರೀ, ನೋಡಲಿಲ್ಲ. ನಮ್ಮ ಮನಿದೇವ್ರೂ ಮೈಲಾರನ. ಯಾರ ಹರಕಿರಿ ಇದು?"

"ಈ ಅಜ್ಜಿದು" ಎಂದ ಗೊರವಪ್ಪ.

"ಏನಂತ ಬೇಡ್ಕೊಂಡಿದ್ದಿ ಅಜ್ಜಿ?"

"ನಿನ್ನ ಬಸ್ ಇಲ್ಲಿ ನಿಂದ್ರಲಿ ಅಂತ."

ಭಂಡಾರ ಹಿಡಿದ ಅವನ ಕೈ ಹಣೆಯ ಹತ್ತಿರವೇ ಉಳಿಯಿತು. ಗೊರವಪ್ಪ ತಾನೇ ಬಳಿದು, "ಮುಟ್ಟಿತು ನೋಡಪಾ ಹರಕಿ. ಇನ್ನ ಮ್ಯಾಲೆ ದಾಟಿ ಹೋಗ್ತೀಯೋ, ನಿಂದ್ರತೀಯೋ, ನೀನೂ ನಿನ್ನ ದೇವ್ರೂ ನೋಡ್ಕೋರಿ" ಎಂದ.

ಕಂಡಕ್ಟರ್ ಸೀಟಿ ಊದುತ್ತಿದ್ದ. "ಏ, ಸುಮ್ಕಿರೋ!" ಎಂದು ಅವನಿಗೆ ಗದರಿ, ಡ್ರೈವರ್ ಮಕ್ಕಳ ಕಡೆ ತಿರುಗಿದ. "ಹತ್ರಿ, ಎಲ್ಲಾರೂ ಹತ್ರಿ."

ರೇಣುಕಾ ಅಪ್ಪನ ಮುಖ ನೋಡಲಿಲ್ಲ, ನನ್ನದನ್ನೂ ನೋಡಲಿಲ್ಲ. ಪಾಟೀಚೀಲವಿಲ್ಲ, ಸಮವಸ್ತ್ರವಿಲ್ಲ, ಆ ದೊಗಳೆ ಅಂಗಿಯಲ್ಲೇ ಓಡಿ ಬಸ್ಸು ಹತ್ತಿದಳು. ಟೆಂಪೊ ಹಾರ್ನ್ ಹಾಕಿತು. ಹಾಕಲಿ. ನಾಗಪ್ಪ ತಲೆ ಕೆರೆದುಕೊಂಡು, ತಾನೂ ಭಂಡಾರ ಹಚ್ಚಿಕೊಂಡು ಮನೆಗೆ ನಡೆದ. ಸಂಜೆ ಅಟ್ಟದ ಮೇಲಿನ ಗಂಟನ್ನು ಅವನೇ ಇಳಿಸಿಕೊಟ್ಟ.

ಅಂದಿನಿಂದ ಬಸ್ಸು ನಿಲ್ಲುತ್ತಿದೆ. ಡ್ರೈವರ್ ಬದಲಾದರೂ ನಿಲ್ಲುತ್ತದೆ. ಆ ಕ್ರಾಸಿನಲ್ಲಿ ದೇವರಿದ್ದಾನೆ ಎಂದು ಡಿಪೊದಲ್ಲೆಲ್ಲ ಹಬ್ಬಿದೆಯಂತೆ. ಮಕ್ಕಳಿದ್ದಾರೆ ಎಂದು ಮಾತ್ರ ಇನ್ನೂ ಹಬ್ಬಿದಂತಿಲ್ಲ. ಮುಖಂಡನೂ ಬಂದು, ತಾನೇ ನಿಲ್ಲಿಸಿದ್ದು ಎಂದು ಬಸ್ಸಿಗೆ ಹಾರ ಹಾಕಿ ಹೋದ. ಅವನಿಗೂ ಭಂಡಾರ ಬಳಿದೆ. ಹಣೆ ದೊಡ್ಡದು, ಬಹಳ ಹಿಡಿಯಿತು.

ರೇಣುಕಾ ಈಗ ಹತ್ತನೆಯ ತರಗತಿ. ಮೊದಲು ದೇವರನ್ನು ಅರ್ಧ ನಂಬಿದ್ದೆ, ಈಗ ಪೂರ್ತಿ ನಂಬಿದ್ದೇನೆ, ಮನುಷ್ಯರ ಮೇಲಿದ್ದ ಅರ್ಧವನ್ನೂ ತೆಗೆದು ಅವನಿಗೇ ಕೊಟ್ಟಿದ್ದೇನೆ. ಭಾನುವಾರ ಗುಡ್ಡಕ್ಕೆ ಹೋದಾಗ ಕೈ ಮುಗಿದು ಒಂದೇ ಮಾತು ಹೇಳುತ್ತೇನೆ. "ಮಣಿ ಮಲ್ಲ ಅನ್ನೋ ರಾಕ್ಷಸರನ್ನ ಹೊಡದಾವ ನೀ. ಬ್ರೇಕ್ ತುಳಿಯೋ ಕೆಲ್ಸಕ್ಕ ನಿನ್ನ ಹಚ್ಚೇನಿ. ಸಿಟ್ಟಾಗಬ್ಯಾಡ ನಮ್ಮಪ್ಪಾ. ಪಗಾರ ತಗೊಂಡಾವ್ರು ತುಳೀಲಿಲ್ಲ."