ಕಂಪ್ಯೂಟರಿಗೆ ಧೂಳಾಗುತ್ತದೆ

ನಾನು ಸಂಶಯಪಿಶಾಚಿ ಎಂಬುದನ್ನು ಮನೆಯವರೆಲ್ಲ ಒಮ್ಮತದಿಂದ ಒಪ್ಪಿದ್ದಾರೆ. ಬಸ್ಸಿನ ಹಣೆಯ ಮೇಲೆ ಅಕ್ಕಲಕೋಟೆ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಕಂಡಕ್ಟರನನ್ನು ಒಮ್ಮೆ ಕೇಳಿ, ಕೂತ ಮೇಲೆ ಪಕ್ಕದವರನ್ನೂ ಕೇಳಿಯೇ ನಾನು ಸೊಲ್ಲಾಪುರ ಬಿಡುವುದು. ಇಂಥವನು ತೊಂಬತ್ತರ ದಶಕದಲ್ಲಿ ಬಂದಿಳಿದ ಕಂಪ್ಯೂಟರನ್ನು ನಂಬಿಬಿಡುತ್ತೇನೆಯೆ? ನಮ್ಮ ಕಚೇರಿಗೆ ಅದು ಬಂದ ಮೇಲೆ, ಹೊದಿಸಿದ ಬಟ್ಟೆ ತೆಗೆದದ್ದನ್ನು ತಿಂಗಳುಗಟ್ಟಲೆ ನಾನು ಕಾಣಲಿಲ್ಲ. ಮುಖ ಮುಚ್ಚಿಕೊಂಡು ಕೂತವರ ಮೇಲೆ ಗುಮಾನಿ ಬರುವುದು ಸಹಜ.

ಚಪ್ಪಲಿ ಬಿಟ್ಟು ಹೋಗಬೇಕಾದ ಜಾಗಗಳು ನಮ್ಮಲ್ಲಿ ಹಿಂದಿನಿಂದಲೂ ಇವೆ. ಗುಡಿ, ಅಡುಗೆಮನೆ, ರಾಶಿ ಮಾಡುವ ಕಣ. ದೇವರಿಗೆ, ಅನ್ನಕ್ಕೆ, ಕಾಳಿಗೆ ಕೊಡುವ ಮರ್ಯಾದೆ ಅದು. ಆ ಸಾಲಿಗೆ ಕಂಪ್ಯೂಟರ್ ಕೋಣೆ ಯಾವ ಪುಣ್ಯದಿಂದ ಸೇರಿತೆಂದು ಯಾರೂ ಕೇಳಲಿಲ್ಲ. ಧೂಳು ಒಳಗೆ ಹೋದರೆ ಅದಕ್ಕೆ ವೈರಸ್ ತಗಲುತ್ತದೆ ಎಂದು ನಂಬಿದವರಲ್ಲಿ ಪದವೀಧರರೂ ಇದ್ದರು. ನಾನು ನಂಬಲಿಲ್ಲ, ಆದರೆ ಚಪ್ಪಲಿ ಬಿಡುತ್ತಿದ್ದೆ.

ನನ್ನ ಅಣ್ಣನ ಮಗಳು ಶೈಲಾ ಅಕ್ಕಲಕೋಟೆಯ ಒಂದು ಕನ್ನಡ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಚಿಕ್ಕಂದಿನಲ್ಲಿ ಪೋಲಿಯೊ ಆಗಿ, ಬಲಗಾಲಿಗೆ ತೊಡೆಯವರೆಗೆ ಕಬ್ಬಿಣದ ಪಟ್ಟಿ; ಪಟ್ಟಿಯ ಬುಡಕ್ಕೆ ಜೋಡಿಸಿದ ಬೂಟು. ಬೂಟು ಬಿಡುವುದೆಂದರೆ ಅವಳು ಕಾಲನ್ನೇ ಬಿಟ್ಟಂತೆ. ಆ ಶಾಲೆಗೆ ಕಂಪ್ಯೂಟರ್ ಬಂತು, ಬಾಗಿಲಿಗೆ ಚಪ್ಪಲಿಯ ನಿಯಮ ಬಂತು, ಶೈಲಾ ಕಿಟಕಿಯ ಹೊರಗೆ ಉಳಿದಳು.

ಕೇಳಲು ಹೋದೆ. ಕಂಪ್ಯೂಟರ್ ಮಾಸ್ತರು ಇನ್ನೂ ಮೀಸೆ ಬಲಿಯದ, ಮರ್ಯಾದಸ್ಥ ಹುಡುಗ.

"ಡಸ್ಟ್ ಆಗ್ತದರಿ ಕಾಕಾ, ಮಶೀನ್ ಬಿಘಡತದ. ಆಕಿ ಖಿಡಕ್ಯಾಗಿಂದ ನೋಡ್ಲಿ. ಥಿಯರಿ ಎಲ್ಲಾ ತಿಳೀತದ."

ಕಿಟಕಿಯಿಂದ ಅವಳಿಗೆ ಕಾಣುತ್ತಿದ್ದದ್ದು ಗೆಳತಿಯರ ಬೆನ್ನು. ನನಗೆ ಸಿಟ್ಟು ಬಂತು. ಧೂಳು ಬರೀ ನೆಪ, ಕುಂಟುವ ಹುಡುಗಿ ಎಡವಿ ಯಂತ್ರದ ಮೇಲೆ ಬಿದ್ದಾಳೆಂಬ ಭಯವೇ ನಿಜವಿರಬೇಕು ಎಂಬ ಅನುಮಾನವೂ ಬಂತು.

ಅಷ್ಟರಲ್ಲಿ ಖಂಡೇನವಮಿ, ಆಯುಧಗಳಿಗೆ ಪೂಜೆ ಮಾಡುವ ದಿನ. ಹಬ್ಬಕ್ಕೆ ಅಣ್ಣನ ಮನೆಗೆ ಹೋಗಿದ್ದೆ. ನನ್ನ ವೈನಿ, ಅಂದರೆ ಶೈಲಾಳ ತಾಯಿ, ಈಳಿಗೆ, ಕತ್ತರಿ, ಹೊಲಿಗೆ ಯಂತ್ರಕ್ಕೆಲ್ಲ ಅರಿಸಿನ ಕುಂಕುಮ ಹಚ್ಚುತ್ತ ಬಂದು, ಮಗಳ ಕಾಲಿನ ಪಟ್ಟಿಗೂ ಹಚ್ಚಿ, ಒಂದು ಚೆಂಡುಹೂ ಸಿಕ್ಕಿಸಿದರು.

"ಇದೂ ದುಡಿಯೂ ಕಬ್ಬಣಾನ ಅಲ್ಲೇನು?"

ಪ್ರತಿ ವರ್ಷದ ಪದ್ಧತಿ ಎನ್ನುತ್ತಾರೆ ಅವರು. ಬೇಕಂತಲೇ ಮಾಡಿದರೋ ಎಂಬ ಸಂಶಯ ನನಗೆ ಇಂದಿಗೂ ಇದೆ.

ಶಾಲೆಯ ಪೂಜೆಗೆ ನಾನೂ ಜೊತೆಗೆ ಹೋದೆ. ಕಂಪ್ಯೂಟರಿನ ಗಾಜಿಗೆ ಕುಂಕುಮ, ಕೀಲಿಗಳ ಮೇಲೆ ಅರಿಸಿನ, ಕೋಣೆಯ ತುಂಬ ಊದುಬತ್ತಿಯ ಹೊಗೆ. ಇದು ಧೂಳಲ್ಲವೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಮಾಸ್ತರ ಕಣ್ಣು, ಬಾಗಿಲಾಚೆ ಚಪ್ಪಲಿಗಳ ನಡುವೆ ನಿಂತಿದ್ದ ಶೈಲಾಳ ಕಾಲಿನ ಹೂವಿನ ಮೇಲೆ ಬಿತ್ತು.

"ಪೂಜಾ ಆಗ್ಯದೇನ? ಹಂಗಾದ್ರ ಚಪ್ಪಲ್ಯಾಗ ಹೆಂಗ ನಿಂದ್ರತಿ? ಯೇ, ಆತ ಯೇ," ಎಂದು ಮರಾಠಿಯಲ್ಲೇ ಒಳಗೆ ಕರೆದೇಬಿಟ್ಟರು.

ಪೂಜೆಯ ದಿನ ಯಾರೂ ಯಂತ್ರ ಮುಟ್ಟುವಂತಿಲ್ಲ. ಪೇಢೆ ತಿಂದು ನಾನು ಗೆದ್ದವನಂತೆ ಮನೆಗೆ ಬಂದೆ. ಶೈಲಾ ಮಾತ್ರ ಪಟ್ಟಿಯ ಹೂ ತೆಗೆದಿಟ್ಟಳು.

"ಕಾಕಾ, ಇವತ್ತ ಬೂಟು ಒಳಗ ಹೋತು. ನಾ ಇನ್ನಾ ಹೋಗಿಲ್ಲ."

ದಿನಾ ಕುಂಕುಮ ಹಚ್ಚಿ ಕಳಿಸುತ್ತೇನೆ ಎಂದರು ವೈನಿ. ಒಳ್ಳೆಯ ಉಪಾಯವೆಂದು ನನಗೂ ಅನ್ನಿಸಿತು. ಹುಡುಗಿ ಒಪ್ಪಲಿಲ್ಲ. ದಸರೆ ಕಳೆದು ಶಾಲೆ ತೆರೆದ ದಿನ ಒದ್ದೆ ಬಟ್ಟೆಯಿಂದ ಪಟ್ಟಿಯನ್ನೂ ಬೂಟನ್ನೂ ಒರೆಸಿ, ಬರೀ ಕಬ್ಬಿಣ ಕಟ್ಟಿಕೊಂಡು ಹೊರಟಳು. ನಾನು ರಜೆ ಹಾಕಿ ಹಿಂದೆ ಹೋದೆ. ಮಾಸ್ತರು ಬಿಡುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ಜಗಳದ ಮಾತುಗಳನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ.

ಅವಳು ಬಾಗಿಲಲ್ಲಿ ನಿಂತಳು. ಮಾಸ್ತರು ಬೂಟು ನೋಡಿದರು.

"ಇವತ್ತ ಪೂಜಾ ಇಲ್ಲರಿ ಸರ್. ಒರಸೀನಿ, ಅಷ್ಟ," ಎಂದಳು ಶೈಲಾ.

ಅವರು ಗೋಡೆಗೆ ಅಂಟಿಸಿದ ನಿಯಮ ನೋಡಿದರು, ಮತ್ತೆ ಅವಳ ಮುಖ ನೋಡಿದರು. ಮೊನ್ನೆ ತಾವೇ ಒಳಗೆ ಕರೆದವಳನ್ನು ಇಂದು ಹೊರಗೆ ನಿಲ್ಲಿಸಲು ನಾಚಿಕೆಯಾಗಿರಬೇಕು. ಕುರ್ಚಿ ಎಳೆದು ಕೊಟ್ಟರು.

"ಕುಂದರು. ಮೊದಲ ನಿನ್ನ ಹೆಸರ ಟೈಪ್ ಮಾಡು."

ಅವಳು ಒಂದೇ ಬೆರಳಿನಿಂದ ಅಕ್ಷರ ಹುಡುಕತೊಡಗಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಗಾಜಿನ ಮೇಲೆ ಅವಳ ಹೆಸರು ಮೂಡುವುದನ್ನು ನೋಡಲು ಸೀದಾ ಒಳಗೆ ನುಗ್ಗಿದೆ.

"ಕಾಕಾ, ಚಪ್ಪಲ್ ಹೊರಗರಿ," ಎಂದರು ಮಾಸ್ತರು.

ಹೊಸ್ತಿಲಿಗೆ ಮರಳಿ ಬಿಟ್ಟು ಬಂದೆ. ನನ್ನವೇನು, ಕಾಲು ಝಾಡಿಸಿದರೆ ಕಳಚಿಬೀಳುವಂಥವು.